ಸೊನ್ನೆಗೆ ಬಿದ್ದ ಮುಳ್ಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆ ಯಾರೋ ಉಪ್ಪು ಖಾರ ಹಚ್ಚಿ ಹೇಳುವುದು ಬೇಡ. ಕೃಷ್ಣರಾಜನಗರದ ರೈಲ್ವೆ ಗೇಟಿನ ಮುಂದೆ, ಬೆಳಗಿನ ಎಳೆಬಿಸಿಲಲ್ಲಿ, ಹೊಚ್ಚ ಹೊಸ ಬಿಳಿ ಕಾರಿನ ಸ್ಟಿಯರಿಂಗ್ ಹಿಡಿದು ಕೂತು, ರೈಲು ಬಂದು ಹೋಗುವ ತನಕ ಬಾಯಲ್ಲೇ ಇಂಜಿನ್ ಓಡಿಸಿದವನು ನಾನೇ. ಅದರಲ್ಲೂ ಒಂದು ತಪ್ಪು ಮಾಡಿದೆ. ಕಾರು ಪೆಟ್ರೋಲಿನದು, ನಾನು ಓಡಿಸಿದ್ದು ಡೀಸೆಲ್ ಇಂಜಿನ್.

ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಎರಡು ಸಾವಿರದ ಇಸವಿ ದಾಟಿ ಎಂಟು ಒಂಬತ್ತು ವರ್ಷ ಆಗಿತ್ತು. ಕಲಿತ ವಿದ್ಯೆ ಎರಡು: ಡ್ರೈವಿಂಗು, ಮತ್ತು ಕಂಡವರನ್ನೆಲ್ಲ ಅಣಕಿಸುವುದು. ಮೊದಲನೆಯದು ಕೊಡಿಸಿದ ಕೆಲಸವನ್ನು ಎರಡನೆಯದು ಕಿತ್ತುಕೊಳ್ಳುತ್ತಿತ್ತು. ರೈಸ್ ಮಿಲ್ಲಿನ ಯಜಮಾನರು ಫೋನಿನಲ್ಲಿ ಮಾತಾಡುವ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು; ಒಂದು ದಿನ ನಾಲ್ಕನೆಯ ಸಲದ್ದನ್ನು ನಾನು ಮಾಡಿಕೊಟ್ಟೆ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು ಸೊಪ್ಪಿನ ಘಾಟಿಗೆ ಸೀನುವ ರೀತಿಯನ್ನು ಅವರ ಬೀಗರ ಮುಂದೆ ಸೀನಿ ತೋರಿಸಿದೆ. ಎಚ್.ಡಿ. ಕೋಟೆಯಲ್ಲಿ ಬುದ್ಧಿ ಬಂದು, ಮನುಷ್ಯರನ್ನು ಬಿಟ್ಟು ಬರೀ ಜೀಪನ್ನು ಅಣಕಿಸಿದೆ. ಜೀಪು ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಗಾಡಿ ಹೊರಟಿತೆಂದು ಅರ್ಧ ಊಟ ಬಿಟ್ಟು ಓಡಿಬಂದ ಓನರು, ಜೀಪು ನಿಂತಲ್ಲೇ ಇರುವುದನ್ನೂ ನಾನು ಅದರ ಬಾನೆಟ್ ಮೇಲೆ ಕೂತಿರುವುದನ್ನೂ ನೋಡಿದರು.

ಮೂರೂ ಕೆಲಸ ಹೋದ ಮೇಲೆ ನಮ್ಮವ್ವ ಒಂದೇ ಮಾತು ಹೇಳಿತ್ತು: "ಇನ್ನೊಂದ್ ಕೆಲ್ಸ ಕಳ್ಕಂಡ್ರೆ ನೀನು ಡ್ರೈವರ್ರೂ ಅಲ್ಲ, ಏನೂ ಅಲ್ಲ. ನಿಮ್ಮಾವನ ಬ್ಯಾರನ್ನಿಗೆ ಸೌದೆ ಒಡ್ಯಕ್ಕೆ ಒಂಟೋಗು."

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲಕ್ಕೊಂದು ನಿಂತಿರುತ್ತದೆ, ಕಿಟಕಿಯಿಲ್ಲದ ಎತ್ತರದ ಗೋಡೆ, ಕೆಳಗೆ ಒಲೆ. ನಮ್ಮ ಸೋದರಮಾವ ಅದನ್ನು ಬೇಯಿಸುವುದರಲ್ಲಿ ಎತ್ತಿದ ಕೈ. ಒಳಗೆ ತೂಗುಹಾಕಿದ ಥರ್ಮಾಮೀಟರನ್ನು ಗಾಜಿನ ಕಿಂಡಿಯಿಂದ ನೋಡುತ್ತ, ಕೊರಡು ಹಾಕುತ್ತ, ಎಳೆಯುತ್ತ, ಐದಾರು ದಿನ ಶಾಖ ಹದ ತಪ್ಪದಂತೆ ಕಾಯಬೇಕು. ನಡುವೆ ಬೆಂಕಿ ಆರಿ ಶಾಖ ಇಳಿಯಿತೋ, ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದ ಸೊಪ್ಪು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ಮಾವನ ಬದುಕಿನಲ್ಲಿ ಭಯಪಡುವ ಸಂಗತಿ ಒಂದೇ, ಇಳಿಯುವ ಮೀಟರು. ದೇವರಿಗೂ ಅಷ್ಟು ಹೆದರಿದ್ದನ್ನು ನಾನು ಕಾಣೆ.

ನನ್ನ ನಾಲ್ಕನೆಯ ಕೆಲಸಕ್ಕೆ ಮಾತಾಡಿದ್ದು ಈ ಮಾವನೇ. ಕೆ.ಆರ್. ನಗರದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ರಿಟೈರಾದ ಡಾಕ್ಟ್ರಮ್ಮ ಒಬ್ಬರಿದ್ದರು. ಹಿಂದೊಮ್ಮೆ ಒಲೆಯ ಬಾಯಲ್ಲಿ ಮಾವನ ಕೈ ಸುಟ್ಟಾಗ ಬೆರಳು ಉಳಿಸಿಕೊಟ್ಟವರು. ಮಂಡಿನೋವಿನಿಂದ ತಾವೇ ಗಾಡಿ ಓಡಿಸುವಂತಿರಲಿಲ್ಲ. ಬೆಂಗಳೂರಿನಿಂದ ಹೊಸ ಕಾರು ತರಿಸಿ ಡ್ರೈವರ್ ಹುಡುಕುತ್ತಿದ್ದರು. ಮಾವ ಹೋಗಿ, "ನಮ್ಮಳಿಯ ಅವ್ನೆ ಅಮ್ಮಾರೆ. ಬಾಯಿ ಸ್ವಲ್ಪ ಜಾಸ್ತಿ, ಕೈ ಮಾತ್ರ ಚಿನ್ನ. ನಾನ್ ಜವಾಬ್ದಾರಿ," ಅಂದಿದ್ದರು.

ಡಾಕ್ಟ್ರಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು: "ಇದು ಹೈಬ್ರಿಡ್ ಕಾರು. ಇಂಥದ್ದು ಓಡಿಸಿದ್ದೀಯೇನಪ್ಪಾ?"

ಹೈಬ್ರಿಡ್ ಅಂದರೆ ನಮ್ಮ ಕಡೆ ಜೋಳ, ಟೊಮೇಟೊ, ಹಸು. ಇಳುವರಿ ಜಾಸ್ತಿ, ರುಚಿ ಕಮ್ಮಿ. ಕಾರಿನಲ್ಲೂ ಹಾಗೇ ಏನೋ ಇರಬೇಕು ಅಂದುಕೊಂಡು, "ಕೊಡಗಲ್ಲಿ ಒಂದು ಎಸ್ಟೇಟಲ್ಲಿ ಆರು ತಿಂಗ್ಳು ಇದ್ನೇ ಓಡ್ಸಿದೀನಿ ಮೇಡಂ," ಅಂದುಬಿಟ್ಟೆ.

"ಹಾಗಾದ್ರೆ ಮೀಟರೆಲ್ಲ ಗೊತ್ತು."

"ಅಂಗೈ ರೇಖೆ ಇದ್ದಂಗೆ ಮೇಡಂ."

"ಸರಿ. ಶನಿವಾರ ಕೋಟೆ ಆಚೆ ಎನ್. ಬೇಗೂರಿಗೆ ಹೋಗಿಬರೋಣ, ನನ್ನ ಜೊತೆ ಕೆಲಸ ಮಾಡಿದ ನರ್ಸಮ್ಮ ಒಬ್ಬರು ಊಟಕ್ಕೆ ಕರೆದಿದ್ದಾರೆ. ನಿನ್ನ ಕೆಲಸದ ವಿಚಾರ ಸಾಯಂಕಾಲ ವಾಪಸ್ ಬಂದಮೇಲೆ ಹೇಳ್ತೀನಿ. ಯಜಮಾನ್ರೇ, ಜವಾಬ್ದಾರಿ ಅಂದ್ರಲ್ಲ, ನೀವೂ ಬನ್ನಿ."

ಶನಿವಾರ ಬೆಳಿಗ್ಗೆ ಸೀಟಿನಲ್ಲಿ ಕೂತವನಿಗೆ ಮೊದಲ ಪೆಟ್ಟು ಬಿದ್ದದ್ದು ಎಡಗಾಲಿಗೆ. ಕ್ಲಚ್ಚೇ ಇರಲಿಲ್ಲ. ಕಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ, ಸಿಕ್ಕ ಬ್ರೇಕನ್ನೇ ತುಳಿಯಿತು, ಮಾವನ ಹಣೆ ಮುಂದಿನ ಗಾಜಿಗೆ ನಮಸ್ಕಾರ ಮಾಡಿತು. "ಬ್ರೇಕ್ ಚೆಕ್ ಮಾಡ್ದೆ ಮೇಡಂ," ಅಂದೆ. ಆಮೇಲೆ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಕೂತೆ.

ಎರಡನೆಯ ಪೆಟ್ಟು ಮೀಟರುಗಳದ್ದು. ನಾನು ಕಂಡ ಗಾಡಿಗಳಲ್ಲಿ ಮೀಟರು ಅಂದರೆ ಒಂದು ದುಂಡು ಗಡಿಯಾರ, ಅದರಲ್ಲಿ ಅಲ್ಲಾಡದ ಒಂದು ಮುಳ್ಳು. ಇಲ್ಲಿ ಮನೆಯಲ್ಲಿದ್ದಂತೆ ಮೇಲೊಂದು ಅಂತಸ್ತು, ಕೆಳಗೊಂದು ಅಂತಸ್ತು. ಮೇಲೆ, ಮುಂದಿನ ಗಾಜಿನ ಬುಡದಲ್ಲಿ, ಸ್ಪೀಡು ದೊಡ್ಡ ಅಂಕಿಯಲ್ಲಿ ಬೆಳಗುತ್ತಿತ್ತು. ಕೆಳಗೆ, ಸ್ಟಿಯರಿಂಗಿನ ಹಿಂದೆ, ಇಂಜಿನ್ ಎಷ್ಟು ಸುತ್ತು ಸುತ್ತುತ್ತಿದೆ ಎಂದು ತೋರಿಸುವ ಮುಳ್ಳು. ಅದರ ಪಕ್ಕದಲ್ಲಿ ಒಂದು ಉದ್ದ ಪಟ್ಟಿ, ಅರ್ಧ ಹಸಿರು, ಅರ್ಧ ನೀಲಿ. ಅದು ಏನೆಂದು ನನ್ನ ತಾತನಾಣೆ ಗೊತ್ತಿರಲಿಲ್ಲ.

ಆದರೆ ಕಳ್ಳನಿಗೆ ಮನೆಯ ನಕ್ಷೆ ಬೇಗ ತಿಳಿಯುತ್ತದೆ. ಹಿಂದಿನ ಸೀಟಿನ ಡಾಕ್ಟ್ರಮ್ಮನಿಗೆ ಮೇಲಿನ ಅಂಕಿ ಮಾತ್ರ ಕಾಣುತ್ತದೆ. ಕೆಳಗಿನ ಮುಳ್ಳಿಗೆ ಸ್ಟಿಯರಿಂಗೂ ನನ್ನ ಬೆನ್ನೂ ಅಡ್ಡ. ಪಕ್ಕದಲ್ಲಿ ಕೂತ ಮಾವನಿಗೆ ಕುತ್ತಿಗೆ ಚಾಚಿದರೆ ಎಲ್ಲ ಕಾಣುತ್ತದೆ. ಮಾವ ಮನೆ ಬಿಟ್ಟಾಗಿನಿಂದ ಕುತ್ತಿಗೆ ಚಾಚಿಯೇ ಕೂತಿದ್ದರು. ಬ್ಯಾರನ್ನಿನ ಕಿಂಡಿಯಲ್ಲಿ ಇಣುಕುವವರ ಹಾಗೆ.

ರೈಲ್ವೆ ಗೇಟು ಹಾಕಿತ್ತು. ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿಸಿದೆ. ಗಾಡಿ ನಿಂತಿತು. ಮರುಕ್ಷಣ ಇಂಜಿನ್ನೂ ನಿಂತಿತು. ಮುಳ್ಳು ಸುಂಯ್ ಎಂದು ಸೊನ್ನೆಗೆ ಬಿತ್ತು, ಮೂಲೆಯಲ್ಲಿ ಒಂದು ಹಸಿರು ದೀಪ ಮಿಣಮಿಣ ಅನ್ನತೊಡಗಿತು.

ಮಾವ ನನ್ನ ತೊಡೆ ಹಿಂಡಿ ಪಿಸುಗುಟ್ಟಿದರು: "ಲೇ ಅಳಿಯ, ಬೆಂಕಿ ಆರೋಯ್ತು!"

ಆರು ತಿಂಗಳು ಇದನ್ನೇ ಓಡಿಸಿದ್ದೇನೆ ಎಂದವನು ಮೊದಲ ಗೇಟಿನಲ್ಲೇ ಗಾಡಿ ಬಂದ್ ಮಾಡಿಕೊಂಡು ಕೂತಿದ್ದೇನೆ. ಕೀ ತಿರುಗಿಸಿದರೆ ಸ್ಟಾರ್ಟಿನ ಸದ್ದಿಗೆ ಹಿಂದೆ ಗೊತ್ತಾಗುತ್ತದೆ. ಸುಮ್ಮನಿದ್ದರೆ ಆ ನಿಶ್ಶಬ್ದಕ್ಕೇ ಗೊತ್ತಾಗುತ್ತದೆ. ಕಣ್ಣ ಮುಂದೆ ಮಾವನ ಬ್ಯಾರನ್ನು, ಅದರ ಪಕ್ಕ ಸೌದೆಯ ರಾಶಿ, ರಾಶಿಯ ಪಕ್ಕ ಕೊಡಲಿ ಬಂದು ನಿಂತವು. ಆಗ ನನ್ನ ಬಾಯಿ ನನ್ನನ್ನು ಕೇಳದೆ ಕೆಲಸ ಶುರುಮಾಡಿತು: "ಡುಗುಡುಗುಡುಗುಡುಗು..."

ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ. ಹಳೆಯ ಜೀಪಿನ ಇಂಜಿನ್ನು, ತಣ್ಣಗಿನ ಬೆಳಗ್ಗೆ ಸ್ವಲ್ಪ ಕೆಮ್ಮುವ ಜಾತಿಯದು. ಹಿಂದಿನಿಂದ ಡಾಕ್ಟ್ರಮ್ಮನೂ ಒಂದು ಸಲ ಕೆಮ್ಮಿದರು. ಕನ್ನಡಿಯಲ್ಲಿ ನೋಡಿದರೆ ಸೆರಗು ಬಾಯಿಗೆ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ಧೂಳಿರಬೇಕು ಅಂದುಕೊಂಡೆ.

ಮಾವನಿಗೆ ಮಾತ್ರ ತಲೆ ಕೆಟ್ಟಿತು. ಕಿವಿ ಬೆಂಕಿ ಇದೆ ಅನ್ನುತ್ತದೆ, ಮೀಟರು ಇಲ್ಲ ಅನ್ನುತ್ತದೆ. ಬಾಗಿ, ಬೆರಳಿನ ಗಿಣ್ಣಿನಿಂದ ಗಾಜನ್ನು ಟಕ್ ಟಕ್ ಎಂದು ಕುಟ್ಟಿದರು. ಮುಳ್ಳು ಅಲ್ಲಾಡಲಿಲ್ಲ. ನಿಧಾನಕ್ಕೆ ತಲೆಯೆತ್ತಿ ನನ್ನ ತುಟಿ ನೋಡಿದರು. ಕೂಸಾಗಿದ್ದಾಗಿನಿಂದ ಅದನ್ನು ಕಂಡವರು, ಎಲ್ಲ ಅರ್ಥವಾಯಿತು. ಮುಖ ಕೆಂಪಗಾಯಿತು. ಎರಡೇಟು ಬಿಗಿಯುತ್ತಾರೆ ಅಂದುಕೊಂಡೆ. ಆದರೆ ಜವಾಬ್ದಾರಿ ಅಂದಿದ್ದರಲ್ಲ, ಕೊಟ್ಟ ಮಾತಿನ ಮನುಷ್ಯ. ಎರಡೂ ಮಂಡಿಯನ್ನು ಮುಂದಿನ ಡ್ಯಾಶ್‌ಬೋರ್ಡಿಗೆ ಆನಿಸಿ, ಸೀಟು ಸಮೇತ ತಾವು ಗಡಗಡ ನಡುಗತೊಡಗಿದರು. ಇಂಜಿನ್ ಓಡುವಾಗ ಗಾಡಿ ಅದುರಬೇಕಲ್ಲವೆ, ಅದುರನ್ನು ಅವರು ಒದಗಿಸಿದರು. ಸದ್ದು ಅಳಿಯನದು, ಅದುರು ಮಾವನದು.

ಅಷ್ಟರಲ್ಲಿ ಗೇಟಿನಲ್ಲಿ ಕಡ್ಲೆಕಾಯಿ ಮಾರುವ ಹೆಂಗಸು ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. ನನ್ನ ಬಾಯಿ ನೋಡಿದಳು, ಮಾವನ ನಡುಕ ನೋಡಿದಳು. "ಏನ್ ಮಗ, ನಿಂಗೆ ಒಟ್ಟೆನೋವಾ? ಆ ಯಜಮಾನ್ರಿಗೆ ಚಳಿಜ್ವರನಾ? ಇಂದ್ಗಡೆ ಡಾಕ್ಟ್ರಮ್ಮ್ನೇ ಕೂತವ್ರಲ್ಲ, ತೋರಿಸ್ಕಳಿ."

ಇಂಜಿನ್ ನಿಲ್ಲಿಸದೆ ಉತ್ತರ ಕೊಡುವುದು ಹೇಗೆ? ಕೈಸನ್ನೆ ಮಾಡಿ ಕಳಿಸಿದೆ.

ರೈಲು ಹೋಯಿತು, ಗೇಟು ಎದ್ದಿತು. ಇನ್ನು ಕೀ ತಿರುಗಿಸದೆ ವಿಧಿಯಿಲ್ಲ ಎಂದು ಬ್ರೇಕಿನಿಂದ ಕಾಲು ತೆಗೆದೆನೋ ಇಲ್ಲವೋ, ಮುಳ್ಳು ಚಂಗನೆ ಎದ್ದಿತು. ಇಂಜಿನ್ ತಾನಾಗೇ ಹತ್ತಿಕೊಂಡಿತು. ಕೀ ಮುಟ್ಟಿರಲಿಲ್ಲ.

"ಊದಿದ್ಯಲ್ಲ," ಮಾವ ಬೆರಗಿನಿಂದ ನನ್ನ ಕಿವಿಯಲ್ಲಿ ಹೇಳಿದರು, "ಕೆಂಡ ಇತ್ತು ಕಣ್ಲಾ ಒಳಗೆ. ನೀನ್ ಊದಿದ್ದಕ್ಕೆ ಹತ್ಕತ್ತು."

ಡಿಪ್ಲೊಮಾ ಓದಿದವರಾದರೆ ನಗುತ್ತಿದ್ದರು. ನಾನು ಒಪ್ಪಿಕೊಂಡೆ. ಒಲೆಯ ಬೂದಿಯೊಳಗಿನ ಕೆಂಡವನ್ನು ಊದುಗೊಳವೆಯಿಂದ ಎಬ್ಬಿಸುವುದನ್ನು ಸಾವಿರ ಸಲ ಕಂಡವನು ನಾನು. ಬೇರೆ ವಿವರಣೆ ಕೊಡಲು ಆ ಗಾಡಿಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಹುಣಸೂರಿನ ಬಸ್ ಸ್ಟ್ಯಾಂಡಿನ ಮುಂದೆ ಬಸ್ಸು ಅಡ್ಡ ಬಂದು ನಿಲ್ಲಿಸಬೇಕಾಯಿತು, ಮುಳ್ಳು ಬಿತ್ತು, ನಾನು ಊದಿದೆ, ಮಾವ ಅದುರಿದರು, ಕಾಲು ತೆಗೆದೆ, ಹತ್ತಿಕೊಂಡಿತು. ಕೋಟೆಯ ಸರ್ಕಲ್ಲಿನಲ್ಲಿ ಕುರಿಮಂದೆ. ಮತ್ತೆ ಅದೇ. ಒಂದು ಸಲವೂ ತಪ್ಪಲಿಲ್ಲ. ಗೆದ್ದ ಮಂತ್ರವನ್ನು ಯಾರು ಬಿಡುತ್ತಾರೆ?

ನಡುವೆ ಡಾಕ್ಟ್ರಮ್ಮ ಕೇಳಿದರು: "ಏನಪ್ಪಾ, ಅಲ್ಲೊಂದು ಹಸಿರು ನೀಲಿ ಪಟ್ಟಿ ಇದೆಯಲ್ಲ, ಅದೇನು?"

"ಅದು ಒಳಗ್ ಎಷ್ಟು ಜನ ಕೂತವ್ರೆ ಅಂತ ತೂಕ ನೋಡದು ಮೇಡಂ. ಸಣ್ಣಗಿದ್ದೋರು ಹಸಿರು, ದಪ್ಪಗಿದ್ದೋರು ನೀಲಿ."

"ಓಹೋ. ಈಗ ನೀಲಿ ತೋರಿಸ್ತಿದೆಯಾ?"

ಹಿಂದೆ ಕೂತವರು ಅವರೊಬ್ಬರೇ, ಅದೂ ಮೈತುಂಬಿದವರು ಎಂಬುದು ನನಗೆ ಹೊಳೆದದ್ದು ಆಗ. "ಹಸ್ರು ಮೇಡಂ, ಹಸ್ರು!" ಎಂದೆ. ಪಟ್ಟಿ ಆಗ ಪೂರ್ತಿ ನೀಲಿ ಆಗಿತ್ತು. ಏರು ಹತ್ತುತ್ತಿದ್ದೆವು.

ಮಾವ ಮಾತ್ರ ಆ ಪಟ್ಟಿಯಿಂದ ಕಣ್ಣು ಕಿತ್ತಿರಲಿಲ್ಲ. ನಾಲ್ಕು ಏರು, ನಾಲ್ಕು ಇಳಿಜಾರು ನೋಡಿದ ಮೇಲೆ, ಯಾರೂ ಕೇಳದೆಯೇ ಹೇಳಿದರು: "ತೂಕನೂ ಇಲ್ಲ, ಗೀಕನೂ ಇಲ್ಲ ಬುಡು. ಇಳಿಜಾರಲ್ಲಿ ಹಸಿರು ಏಳ್ತದೆ, ಎಲ್ಲೋ ತುಂಬ್ಕತಾ ಅದೆ. ಏರಲ್ಲಿ ನೀಲಿ ಏಳ್ತದೆ, ತುಂಬಿದ್ದು ಖರ್ಚಾಯ್ತಾ ಅದೆ. ಮೀಟರ್ ಸುಳ್ ಯೋಳಕ್ಕಿಲ್ಲ ಅಳಿಯ, ನೋಡೋನಿಗೆ ತಾಳ್ಮೆ ಬೇಕು."

ಡಾಕ್ಟ್ರಮ್ಮ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು. ಆಮೇಲೆ, "ಯಜಮಾನ್ರೇ, ನೀವು ಎಷ್ಟನೇ ಕ್ಲಾಸ್ ಓದಿದ್ದೀರಿ?" ಅಂದರು.

"ಎರಡ್ನೇ ಕ್ಲಾಸಲ್ಲಿ ಮೇಷ್ಟ್ರು ಬುಟ್ಬುಟ್ರು ಅಮ್ಮಾರೆ."

ಬೇಗೂರಿನಲ್ಲಿ ನರ್ಸಮ್ಮನ ಮನೆಯ ಜಗಲಿಯ ಮೇಲೆ ನಮಗೆ ಎಲೆ ಹಾಕಿದರು. ಸೊಪ್ಪಿನ ಸಾರು, ಮುದ್ದೆ, ಕೇರಳದ ಕಡೆಯ ಹಪ್ಪಳ. ಒಳಗಿನಿಂದ ಡಾಕ್ಟ್ರಮ್ಮ ಏನೋ ಹೇಳುವುದು, ನರ್ಸಮ್ಮ ನಗುವುದು, ಮತ್ತೆ ಏನೋ ಹೇಳುವುದು, ಇಬ್ಬರೂ ಸೇರಿ ನಗುವುದು ಕೇಳುತ್ತಿತ್ತು. ಒಂದು ಸಲ ನರ್ಸಮ್ಮ ನೀರು ಬಡಿಸಲು ಬಂದವರು ನನ್ನ ಬಾಯಿಯನ್ನೂ ಮಾವನ ಮಂಡಿಯನ್ನೂ ಒಂದೊಂದು ಸಲ ನೋಡಿ, ಚೊಂಬು ಅಲ್ಲೇ ಇಟ್ಟು ಒಳಗೆ ಓಡಿದರು.

"ಕೆಲ್ಸ ಗ್ಯಾರಂಟಿ ಕಣ್ಲಾ," ಮಾವ ಮುದ್ದೆ ಮುರಿಯುತ್ತ ಹೇಳಿದರು. "ಎಂಗ್ ಖುಷಿಯಾಗವ್ರೆ ನೋಡು."

ವಾಪಸ್ ಬರುವಾಗ ಮಧ್ಯಾಹ್ನ ಇಳಿದಿತ್ತು. ಕಾಡಿನ ಅಂಚಿನ ರಸ್ತೆಯಲ್ಲಿ ಒಂದು ತಿರುವು ತಿರುಗಿದರೆ, ಎದುರಿಗೆ ಆನೆ. ಒಂಟಿ. ರಸ್ತೆಗೆ ಅಡ್ಡವಾಗಿ, ತನ್ನದೇ ಜಾಗ ಎಂಬ ಹಾಗೆ ನಿಂತು ಬಿದಿರು ಸಿಗಿಯುತ್ತಿತ್ತು. ಎರಡು ಲಾರಿಯಷ್ಟು ದೂರ ಇದ್ದಿರಬಹುದು. ಬ್ರೇಕ್ ಒತ್ತಿದೆ. ಗಾಡಿ ನಿಂತಿತು. ಇಂಜಿನ್ ನಿಂತಿತು. ಮುಳ್ಳು ಸೊನ್ನೆಗೆ ಬಿತ್ತು.

ಇಲ್ಲಿ ಸ್ವಲ್ಪ ಯೋಚಿಸಬಹುದಿತ್ತು. ಆನೆಯ ಮುಂದೆ ಕಾರು ತಾನಾಗಿ ಸುಮ್ಮನಾಗಿದೆ, ಆನೆಗೆ ನಾವಿರುವುದೂ ಗೊತ್ತಾಗಿಲ್ಲ. ಇದಕ್ಕಿಂತ ಒಳ್ಳೆಯ ಗಾಡಿ ಆ ಹೊತ್ತಿಗೆ ಇರಲು ಸಾಧ್ಯವಿರಲಿಲ್ಲ. ಆದರೆ ಬೆಳಗಿನಿಂದ ನನ್ನ ಬಾಯಿಗೆ ಒಂದು ಕೆಲಸ ಕೊಟ್ಟಾಗಿತ್ತು, ಮುಳ್ಳು ಬಿದ್ದೊಡನೆ ಊದುವ ಕೆಲಸ. ಮುಳ್ಳು ಬಿತ್ತು. ಊದಿತು.

"ಡುಗುಡುಗುಡುಗುಡುಗು..."

ಆನೆಯ ಕಿವಿ ಎರಡೂ ಅಗಲವಾದವು. ಬಿದಿರು ಕೆಳಗೆ ಬಿತ್ತು. ತಲೆ ನಮ್ಮ ಕಡೆ ತಿರುಗಿತು. ನನಗೆ ನಿಲ್ಲಿಸಬೇಕು ಅನ್ನಿಸಿದ್ದು ನಿಜ. ಆದರೆ ನಿಲ್ಲಿಸಿದರೆ ಗಾಡಿ ಮತ್ತೆ ಹತ್ತಿಕೊಳ್ಳುವುದಿಲ್ಲವಲ್ಲ ಎಂಬ ಭಯಕ್ಕೆ ಇನ್ನೂ ಜೋರಾಗಿ ಊದಿದೆ. ಆನೆ ಒಂದು ಹೆಜ್ಜೆ ಮುಂದಿಟ್ಟಿತು.

ಸುಟ್ಟ ಕಲೆಗಳ, ಸೌದೆಯಷ್ಟೇ ಗಟ್ಟಿಯಾದ ಒಂದು ಅಂಗೈ ಬಂದು ನನ್ನ ಮೂಗು ಬಾಯಿ ಎರಡನ್ನೂ ಮುಚ್ಚಿತು. ಮಾವನದು. ಅದುರುವುದನ್ನು ಅವರು ಬಿಟ್ಟಿದ್ದರೋ ಇಲ್ಲವೋ ಹೇಳಲಾರೆ. ಆಗ ನಾನೂ ಅದುರುತ್ತಿದ್ದೆ. ಯಾರೂ ಉಸಿರೆತ್ತಲಿಲ್ಲ. ಕಾರಂತೂ ಬೆಳಗಿನಿಂದಲೇ ಆ ಪಾಠ ಹೇಳಿಕೊಡುತ್ತಿತ್ತು. ಆನೆ ಬಹಳ ಹೊತ್ತು ನಮ್ಮನ್ನು ನೋಡಿ, ಇಲ್ಲಿ ಇಂಜಿನ್ನೂ ಇಲ್ಲ ಏನೂ ಇಲ್ಲ ಎಂದು ತೀರ್ಮಾನಿಸಿ, ಬಿದಿರು ಎತ್ತಿಕೊಂಡು ಕಾಡಿಗಿಳಿಯಿತು.

ಮಾವ ಕೈ ತೆಗೆದರು. ನಾನು ಉಸಿರೆಳೆದುಕೊಂಡೆ. ಹಿಂದಿನಿಂದ ಡಾಕ್ಟ್ರಮ್ಮ ತಣ್ಣಗೆ ಹೇಳಿದರು: "ಈಗ ಊದಬೇಡ. ಸುಮ್ಮನೆ ಬ್ರೇಕಿಂದ ಕಾಲು ತೆಗಿ."

ತೆಗೆದೆ. ಹತ್ತಿಕೊಂಡಿತು.

"ನಿಂತಾಗ ಪೆಟ್ರೋಲ್ ಯಾಕೆ ಸುಡಬೇಕು ಅಂತ ಅದು ತಾನೇ ಆಫ್ ಆಗತ್ತೆ ಕಣೋ. ಹೊರಟಾಗ ಬ್ಯಾಟರಿ ಎಬ್ಬಿಸತ್ತೆ. ಆ ಬ್ಯಾಟರಿ ಇಳಿಜಾರಲ್ಲಿ ತುಂಬಿಕೊಳ್ಳತ್ತೆ, ನಿಮ್ಮ ಮಾವ ಹೇಳಿದ್ದೇ ಸರಿ. ಗಾಡಿ ಜೊತೆ ಪುಸ್ತಕ ಕೊಟ್ಟಿದ್ರು, ಪೂರ್ತಿ ಓದಿದ್ದೀನಿ."

"ಅಂದ್ರೆ ಮೇಡಂ, ಬೆಳಿಗ್ಗೆ ಗೇಟಲ್ಲಿ..."

"ಅಲ್ಲೂ ಆಫ್ ಆಗಿತ್ತು."

"ಹುಣಸೂರಲ್ಲಿ..."

"ಅಲ್ಲೂ."

ಕುರಿಮಂದೆಯ ವಿಚಾರ ಕೇಳಲಿಲ್ಲ. ಕೊಡಗಿನ ಎಸ್ಟೇಟಿನ ವಿಚಾರ ಅವರೂ ಕೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೋಟೆ ದಾಟಿದೆವು, ಹುಣಸೂರು ದಾಟಿದೆವು. ಮಾವ ಮಂಡಿಗಳನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಅವರು ಕೊಟ್ಟ ಮಾತು ಹೋಯಿತಲ್ಲ ಎಂಬ ಸಂಕಟ ನನಗೆ ಕೊಡಲಿಯ ಭಯಕ್ಕಿಂತ ಹೆಚ್ಚಾಗಿತ್ತು ಎಂದರೆ ನೀವು ನಂಬಬೇಕು. ನಾನೇ ನಂಬಲು ಸ್ವಲ್ಪ ದಿನ ಹಿಡಿಯಿತು.

ಕೆ.ಆರ್. ನಗರದ ಗೇಟು ಮತ್ತೆ ಹಾಕಿತ್ತು. ನಿಲ್ಲಿಸಿದೆ, ಮುಳ್ಳು ಬಿತ್ತು. ತುಟಿ ಕಚ್ಚಿ ಕೂತೆ. ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು. ಒಳಗೆ ಡುಗುಡುಗು ಎಂದು ಕುದಿಯುವುದು ನನಗೇ ಕೇಳುತ್ತಿತ್ತು. ಕಡ್ಲೆಕಾಯಿಯ ಹೆಂಗಸು ಬಂದು ಬಗ್ಗಿ ನೋಡಿದಳು. "ಪರ್ವಾಗಿಲ್ಲ, ಇಬ್ರಿಗೂ ವಾಸಿಯಾಗದೆ," ಎಂದು ಡಾಕ್ಟ್ರಮ್ಮನಿಗೆ ಕೈ ಮುಗಿದು ಹೋದಳು.

ಮನೆಯ ಮುಂದೆ ನಿಲ್ಲಿಸಿ, ಇಳಿದು, ಬಾಗಿಲು ತೆಗೆದು, ಕೀ ಅವರ ಕೈಗೆ ಕೊಟ್ಟೆ. ಕೆಲಸದ ಮಾತು ಕೇಳಲು ನನಗೆ ಬಾಯಿ ಬರಲಿಲ್ಲ, ಬೆಳಗ್ಗೆಯೆಲ್ಲ ಬಂದ ಬಾಯಿ. ಮಾವನೇ ಟವೆಲ್ಲು ಹೆಗಲಿನಿಂದ ಇಳಿಸಿ, ತಲೆ ತಗ್ಗಿಸಿ ನಿಂತರು.

"ತಪ್ಪಾಯ್ತು ಅಮ್ಮಾರೆ. ಅವ್ನು ಸುಳ್ ಯೋಳ್ದ, ನಾನೂ ಅದ್ರುಬುಟ್ಟೆ. ಕೆಲ್ಸ ಕೊಡಿ ಅನ್ನಕ್ಕೆ ನಂಗೆ ಮೊಕ ಇಲ್ಲ. ಆದ್ರೂ ಜವಾಬ್ದಾರಿ ಅಂದಿದ್ನಲ್ಲ, ಕೇಳ್ಬೇಕು. ಎಂಗಾರ ಮಾಡಿ ನಮ್ ಹುಡುಗನ್ನ ಮಡೀಕತೀರಾ?"

ಡಾಕ್ಟ್ರಮ್ಮ ಕೀ ಗೊಂಚಲನ್ನು ಒಂದು ಸಲ ಅಂಗೈಯಲ್ಲಿ ತೂಗಿ, ತಿರುಗಿ ನನ್ನ ಕೈಯಲ್ಲೇ ಇಟ್ಟರು.

"ಈ ಗಾಡಿಗೆ ಕಂಪನಿಯವರೇ ಎರಡು ಇಂಜಿನ್ ಕೊಟ್ಟಿದ್ದಾರೆ ಕಣೋ, ಒಂದು ಪೆಟ್ರೋಲಿಂದು, ಒಂದು ಕರೆಂಟಿಂದು. ನೀವಿಬ್ರು ಸೇರಿಸಿದ ಮಿಕ್ಕೆರಡನ್ನ ಮನೇಲಿ ಬಿಟ್ಟು, ಸೋಮವಾರ ಏಳು ಗಂಟೆಗೆ ಬಾ."